ಪಶು ಶಸ್ತ್ರಚಿಕಿತ್ಸೆಯಲ್ಲಿ ಹೊಲಿಗೆ ದಾರ ಮತ್ತು ಸೂಜಿಯ ಆಯ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹೊಸದಾಗಿ ಕೆಲಸ ಆರಂಭಿಸಿದ ಪಶುವೈದ್ಯರು, ಬೀದಿನಾಯಿಗಳ ಸಂತಾನಹರಣ ಶಿಬಿರಗಳಲ್ಲಿ ದುಡಿಯುವವರು, ಹಟ್ಟಿಯಲ್ಲಿ ನಿಂತು ತಮ್ಮ ದನದ ಶಸ್ತ್ರಚಿಕಿತ್ಸೆಯನ್ನು ಕಣ್ಣಾರೆ ನೋಡಿದ ಹೈನುಗಾರರು ನನ್ನಲ್ಲಿ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಉತ್ತರಗಳನ್ನು ವೈದ್ಯರಿಗಾಗಿ ಬರೆದಿದ್ದೇನೆ. ಸಾಕುವವರು ಓದಿ ತಿಳಿದುಕೊಳ್ಳಲು ಅಡ್ಡಿಯಿಲ್ಲ, ಆದರೆ ಇದನ್ನು ನೋಡಿಕೊಂಡು ಯಾರೂ ಮನೆಯಲ್ಲಿ ಹೊಲಿಗೆ ಹಾಕಲು ಹೊರಡಬಾರದು.

ಪ್ರಶ್ನೆ: ದಾರವನ್ನು ಆರಿಸುವಾಗ ಮೊದಲು ಯೋಚಿಸಬೇಕಾದದ್ದು ಏನು?

ನಾವು ಹೊಲಿಯುತ್ತಿರುವ ಅಂಗ ತನ್ನ ಬಲದ ಮೇಲೆ ತಾನು ನಿಲ್ಲಲು ಎಷ್ಟು ದಿನ ಬೇಕು, ಅಷ್ಟು ದಿನ ಈ ದಾರ ಹಿಡಿದುಕೊಂಡಿರುತ್ತದೆಯೇ ಎಂಬುದನ್ನು ಮೊದಲು ಯೋಚಿಸಬೇಕು. ಮೂತ್ರಕೋಶದ ಗಾಯ ಎರಡರಿಂದ ಮೂರು ವಾರಗಳಲ್ಲಿ ಬಹುಮಟ್ಟಿಗೆ ಪೂರ್ಣ ಬಲವನ್ನು ಮರಳಿ ಪಡೆಯುತ್ತದೆ. ಕರುಳು ಕೂಡ ಬೇಗ ಕೂಡಿಕೊಳ್ಳುತ್ತದೆ, ಆದರೆ ಮೊದಲ ಮೂರರಿಂದ ಐದು ದಿನ ಅದಕ್ಕೆ ಹೊಲಿಗೆಯೊಂದೇ ಆಧಾರವಾಗಿರುತ್ತದೆ. ಕರುಳಿನ ಹೊಲಿಗೆ ಬಿಟ್ಟುಹೋಗುವುದಿದ್ದರೆ ಹೆಚ್ಚಾಗಿ ಈ ದಿನಗಳಲ್ಲೇ ಬಿಡುತ್ತದೆ. ಚರ್ಮ ಮೂರು ವಾರ ಕಳೆದರೂ ತನ್ನ ಮೂಲ ಬಲದ ಸುಮಾರು ಐದನೆಯ ಒಂದು ಭಾಗವನ್ನಷ್ಟೇ ಗಳಿಸಿರುತ್ತದೆ. ಸ್ನಾಯುಗಳ ಮೇಲಿನ ಬಿಳಿ ಗಟ್ಟಿಪೊರೆ, ಅಂದರೆ ಫೇಶಿಯಾ, ಇನ್ನೂ ನಿಧಾನ. ಅದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು.

ಈಗ ದಾರದ ಕಡೆಯಿಂದ ನೋಡೋಣ. ನಾವೆಲ್ಲ ವಿಕ್ರಿಲ್ ಎಂದು ಕರೆಯುವ ಪಾಲಿಗ್ಲ್ಯಾಕ್ಟಿನ್ 910 ಎರಡು ವಾರಗಳ ಕೊನೆಗೆ ಶೇಕಡಾ 75ರಷ್ಟು, ಮೂರು ವಾರಗಳ ಕೊನೆಗೆ ಅರ್ಧದಷ್ಟು ಬಲವನ್ನು ಉಳಿಸಿಕೊಂಡಿರುತ್ತದೆ ಮತ್ತು 56ರಿಂದ 70 ದಿನಗಳಲ್ಲಿ ಕರಗಿಹೋಗುತ್ತದೆ. ಪಿಡಿಎಸ್ ಎಂಬ ಪಾಲಿಡಯಾಕ್ಸನೋನ್ ನಾಲ್ಕು ವಾರ ಕಳೆದ ಮೇಲೂ ಸುಮಾರು ಅರ್ಧ ಬಲವನ್ನು ಇಟ್ಟುಕೊಂಡಿರುತ್ತದೆ. ಅದು ಪೂರ್ತಿ ಕರಗಲು ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಮೊನೊಕ್ರಿಲ್ ಎಂಬ ಪಾಲಿಗ್ಲೆಕಾಪ್ರೋನ್ 25 ಕೈಗೆ ಬಹಳ ಮೃದುವಾದ ದಾರ, ಆದರೆ ಎರಡನೆಯ ವಾರದ ಕೊನೆಗೆ ಅದರ ಬಲ ಮೂರನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ಕರಗುವ ಅವಧಿ ಮತ್ತು ಹಿಡಿದಿಡುವ ಅವಧಿ ಬೇರೆ ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಪೊಟ್ಟಣದ ಮೇಲೆ ಅರವತ್ತು ದಿನ ಎಂದು ಬರೆದಿದೆ ಎಂದು ನಂಬಿ ಹೊಟ್ಟೆಯ ಗೋಡೆಯನ್ನು ಹೊಲಿದವರು, ಆ ಅರವತ್ತು ದಿನಗಳಲ್ಲಿ ದಾರಕ್ಕೆ ಬಲವಿದ್ದದ್ದು ಮೊದಲ ಮೂರು ವಾರ ಮಾತ್ರ ಎಂಬುದನ್ನು ಮರೆತಿರುತ್ತಾರೆ.

ಪ್ರಶ್ನೆ: ಒಂಟಿ ಎಳೆಯ ದಾರ, ಹೆಣೆದ ದಾರ ಇವುಗಳಲ್ಲಿ ಯಾವುದು ಮೇಲು?

ಹೆಣೆದ ದಾರ ಕೈಗೆ ಒಗ್ಗುತ್ತದೆ ಮತ್ತು ಅದರ ಗಂಟು ಚೆನ್ನಾಗಿ ಕೂರುತ್ತದೆ. ಆದರೆ ಅದರ ಎಳೆಗಳ ನಡುವಿನ ಸಂದುಗಳಲ್ಲಿ ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ದ್ರವ ಏರುತ್ತದೆ. ದ್ರವದ ಜೊತೆಗೆ ಒಳಹೊಕ್ಕ ರೋಗಾಣುಗಳನ್ನು ಅಟ್ಟಿಸಿಕೊಂಡು ಹೋಗಲು ರಕ್ತದ ಬಿಳಿಕಣಗಳಿಗೆ ಆ ಸಂದುಗಳಲ್ಲಿ ಜಾಗ ಸಿಗುವುದಿಲ್ಲ. ಒಂಟಿ ಎಳೆಯ ದಾರದಲ್ಲಿ ಈ ತೊಂದರೆ ಬಹಳ ಕಡಿಮೆ. ಅದಕ್ಕೆ ಬೇರೆ ದೋಷಗಳಿವೆ: ಸುರುಳಿಯ ನೆನಪನ್ನು ಬಿಡದೆ ಸುತ್ತಿಕೊಳ್ಳುತ್ತದೆ, ಗಂಟು ಜಾರುತ್ತದೆ, ಇಕ್ಕಳದಲ್ಲಿ ಒತ್ತಿ ಹಿಡಿದರೆ ಆ ಜಾಗದಲ್ಲಿ ದುರ್ಬಲವಾಗುತ್ತದೆ.

ನಮ್ಮ ಕರಾವಳಿಗೆ ಬಂದರೆ ನನ್ನ ಅಭಿಪ್ರಾಯ ಖಚಿತವಾಗಿದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುವ ಊರಿನಲ್ಲಿ, ಹಸಿ ಸೊಪ್ಪು ಹಾಸಿದ ಹಟ್ಟಿಯಲ್ಲಿ ಗಂಜಲ ಸಗಣಿಗಳ ಮೇಲೆ ಮಲಗುವ ದನದ ಚರ್ಮಕ್ಕೆ ರೇಷ್ಮೆ ದಾರವನ್ನು ಹಾಕಬಾರದು. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ, ಹಾಕಿದ ರೇಷ್ಮೆ ಹೊಲಿಗೆಯ ಪ್ರತಿ ತೂತಿನಲ್ಲೂ ಕೀವು ಕಾಣಿಸಿಕೊಂಡು, ಅದಕ್ಕೆ ನೊಣ ಮುತ್ತಿ ಹುಳ ಬಿದ್ದುದನ್ನು ನಾನು ನೋಡಿದ್ದೇನೆ. ಚರ್ಮಕ್ಕೆ ಒಂಟಿ ಎಳೆಯ ನೈಲಾನ್ ಅಥವಾ ಪಾಲಿಪ್ರೊಪಿಲೀನ್ ಸಾಕು.

ಪ್ರಶ್ನೆ: ಕ್ಯಾಟ್‌ಗಟ್ ಎಂದರೆ ಬೆಕ್ಕಿನ ಕರುಳೇ? ಅದನ್ನು ಈಗಲೂ ಬಳಸಬಹುದೇ?

ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಕುರಿಯ ಸಣ್ಣ ಕರುಳಿನ ಒಳಪದರದಿಂದ ಅಥವಾ ದನದ ಕರುಳಿನ ಹೊರಪೊರೆಯಿಂದ ಅದನ್ನು ತಯಾರಿಸುತ್ತಾರೆ. ನಮ್ಮಲ್ಲಿ ಕೆಲವು ಮನೆಯವರು ತಮ್ಮ ಹಸುವಿಗೆ ಹಾಕುವ ದಾರ ಯಾವುದರಿಂದ ಮಾಡಿದ್ದು ಎಂದು ಕೇಳುವುದುಂಟು. ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಬೇಡವೆಂದರೆ ಕೃತಕ ದಾರ ಇದ್ದೇ ಇದೆ. ಯುರೋಪಿನಲ್ಲಿ ದನಗಳ ಮಿದುಳು ರೋಗದ ಭೀತಿಯಿಂದಾಗಿ 2001ರಲ್ಲಿ ಮನುಷ್ಯರ ಶಸ್ತ್ರಚಿಕಿತ್ಸೆಯಿಂದ ಇದನ್ನು ಕೈಬಿಟ್ಟರು.

ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಕ್ರೋಮಿಕ್ ಕ್ಯಾಟ್‌ಗಟ್ಟನ್ನು ಅಗ್ಗವೆಂಬ ಕಾರಣಕ್ಕೆ ಹಳ್ಳಿಯ ಕೆಲಸದಲ್ಲಿ ಈಗಲೂ ಬಳಸುತ್ತಾರೆ. ಬೇಗ ಕೂಡಿಕೊಳ್ಳುವ ಅಂಗಗಳಲ್ಲಿ, ಮುಖ್ಯವಾಗಿ ದನದ ಗರ್ಭಕೋಶದಲ್ಲಿ, ಅದನ್ನು ಬಳಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅದರ ನಡತೆಯನ್ನು ಮೊದಲೇ ಹೇಳಲು ಬರುವುದಿಲ್ಲ. ಕೃತಕ ದಾರಗಳು ದೇಹದ ನೀರಿನ ಅಂಶ ತಾಗಿ ನಿಧಾನವಾಗಿ, ಒಂದು ಲೆಕ್ಕಕ್ಕೆ ಸಿಗುವಂತೆ ಒಡೆಯುತ್ತವೆ. ಕ್ಯಾಟ್‌ಗಟ್ಟನ್ನು ಮಾತ್ರ ದೇಹದ ಕಿಣ್ವಗಳು ಮತ್ತು ಬಿಳಿಕಣಗಳು ಜೀರ್ಣಿಸಿಕೊಳ್ಳುತ್ತವೆ. ಆದ್ದರಿಂದ ಉರಿಯೂತವಿದ್ದಲ್ಲಿ, ಸೋಂಕಿದ್ದಲ್ಲಿ, ಹೊಟ್ಟೆಯ ಆಮ್ಲವಿದ್ದಲ್ಲಿ ಅದು ನಾವು ನೆನೆಸಿದ್ದಕ್ಕಿಂತ ಬಹಳ ಮೊದಲೇ ಸೋಲುತ್ತದೆ. ಒದ್ದೆಯಾದಾಗ ಉಬ್ಬಿ ಗಂಟು ಸಡಿಲವಾಗುವುದರಿಂದ ತುದಿಗಳನ್ನು ಸುಮಾರು ಆರು ಮಿಲಿಮೀಟರ್ ಉದ್ದ ಬಿಟ್ಟು ಕತ್ತರಿಸಬೇಕು. ನಾಯಿಯ ಹೊಟ್ಟೆಯ ಗೋಡೆಯನ್ನು ಕ್ಯಾಟ್‌ಗಟ್‌ನಲ್ಲಿ ಮುಚ್ಚುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: 2-0, 3-0, 1, 2 ಎಂಬ ಸಂಖ್ಯೆಗಳ ಅರ್ಥವೇನು? ದಪ್ಪ ದಾರ ಹಾಕಿದರೆ ಹೆಚ್ಚು ಭದ್ರವಲ್ಲವೇ?

2-0 ಎಂದರೆ ಎರಡು ಸೊನ್ನೆ, 3-0 ಎಂದರೆ ಮೂರು ಸೊನ್ನೆ. ಸೊನ್ನೆಗಳು ಹೆಚ್ಚಿದಷ್ಟೂ ದಾರ ತೆಳ್ಳಗಾಗುತ್ತದೆ. ಸೊನ್ನೆಯಿಂದ ಮೇಲೆ 1, 2, 3 ಎಂದು ಹೋದಂತೆ ದಪ್ಪವಾಗುತ್ತದೆ. ಕೃತಕ ದಾರದಲ್ಲಿ 3-0 ಎಂದರೆ ಸುಮಾರು 0.2 ಮಿಲಿಮೀಟರ್, 2-0 ಎಂದರೆ ಸುಮಾರು 0.3, ಸಂಖ್ಯೆ 1 ಎಂದರೆ ಸುಮಾರು 0.4, ಸಂಖ್ಯೆ 2 ಎಂದರೆ ಸುಮಾರು 0.5 ಮಿಲಿಮೀಟರ್ ದಪ್ಪ. ಅದೇ ಸಂಖ್ಯೆಯ ಕ್ಯಾಟ್‌ಗಟ್ ಇದಕ್ಕಿಂತ ದಪ್ಪವಾಗಿರುತ್ತದೆ.

ದಪ್ಪ ದಾರದ ಮೇಲಿನ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ, ಮತ್ತು ಅದರಿಂದ ಆಗುವ ಹಾನಿ ಕಣ್ಣಿಗೆ ಬೀಳುವುದು ತಡವಾಗಿ. ಹೊಲಿಗೆ ಬಿಟ್ಟ ಗಾಯಗಳನ್ನು ಬಿಡಿಸಿ ನೋಡಿದರೆ ದಾರ ತುಂಡಾಗಿರುವುದು ಅಪರೂಪ. ಗಂಟು ಬಿಚ್ಚಿರುತ್ತದೆ, ಇಲ್ಲವೇ ದಾರ ಅಂಗವನ್ನೇ ಸೀಳಿಕೊಂಡು ಹೊರಬಂದಿರುತ್ತದೆ. ಅಂಗಕ್ಕಿಂತ ಬಲವಾದ ದಾರದಿಂದ ಅಂಗಕ್ಕೆ ಹೆಚ್ಚಿನ ಉಪಕಾರವೇನೂ ಇಲ್ಲ, ಅದರ ಬದಲು ಗಂಟಿನ ಗಾತ್ರ ಹೆಚ್ಚಾಗಿ ಒಳಗೆ ಉಳಿಯುವ ಹೊರವಸ್ತುವಿನ ಮೊತ್ತ ಏರುತ್ತದೆ. ಕೆಲಸಕ್ಕೆ ಸಾಲುವ ದಾರಗಳಲ್ಲಿ ಅತ್ಯಂತ ತೆಳ್ಳಗಿನದನ್ನು ಆರಿಸಬೇಕು. ಬೆಕ್ಕು ಮತ್ತು ಸಣ್ಣ ನಾಯಿಯ ಕರುಳಿಗೆ 4-0, ದೊಡ್ಡ ನಾಯಿಯ ಕರುಳಿಗೆ 3-0 ಸಾಕಾಗುತ್ತದೆ.

ಪ್ರಶ್ನೆ: ಸೂಜಿಯನ್ನು ಹೇಗೆ ಆರಿಸಬೇಕು?

ದಾರದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರು ಪೊಟ್ಟಣದ ಮೇಲಿರುವ ಸೂಜಿಯ ಚಿತ್ರವನ್ನು ನೋಡದೆ ತೆರೆಯುವುದು ನನಗೆ ಬಹಳ ನೋವು ಕೊಡುವ ಸಂಗತಿ. ಅಂಗದೊಳಗೆ ಮೊದಲು ಹೋಗುವುದು ಸೂಜಿ, ಮತ್ತು ಅದು ಮಾಡಿದ ತೂತಿನ ಆಕಾರದ ಮೇಲೆ ಹೊಲಿಗೆಯ ಹಣೆಬರಹ ನಿಂತಿರುತ್ತದೆ. ಮೈಯ ಯಾವ ಭಾಗಕ್ಕೆ ದುಂಡು ಸೂಜಿ, ಯಾವುದಕ್ಕೆ ಮೂರು ಅಂಚಿನ ಸೂಜಿ, ಯಾವುದಕ್ಕೆ ಬಿಲ್ಲಿನಂತೆ ಬಾಗಿದ ಸೂಜಿ ಎಂದು ಸುಶ್ರುತನ ಕಾಲಕ್ಕೇ ವಿಂಗಡಿಸಿಟ್ಟಿದ್ದರು. ಆ ವಿಂಗಡಣೆಯ ತತ್ತ್ವ ಇವತ್ತಿಗೂ ಹೆಚ್ಚು ಬದಲಾಗಿಲ್ಲ.

ರೌಂಡ್ ಬಾಡಿ ಎಂದು ಕರೆಯುವ ದುಂಡು ಸೂಜಿ ಅಂಗದ ಎಳೆಗಳನ್ನು ಕತ್ತರಿಸದೆ ಬದಿಗೆ ಸರಿಸಿಕೊಂಡು ಹೋಗುತ್ತದೆ, ದಾರ ಬಂದ ಮೇಲೆ ಆ ಎಳೆಗಳು ಮತ್ತೆ ಅದನ್ನು ಸುತ್ತಿ ಹಿಡಿಯುತ್ತವೆ. ಸೋರಿಕೆಯಾಗಬಾರದ ಕರುಳು, ಮೂತ್ರಕೋಶ, ಗರ್ಭಕೋಶಗಳಿಗೆ, ಸ್ನಾಯು ಮತ್ತು ಕೊಬ್ಬಿಗೆ ಇದೇ ಸರಿ. ಕಟಿಂಗ್ ಸೂಜಿಗೆ ಮೂರು ಹರಿತ ಅಂಚುಗಳಿರುತ್ತವೆ, ಅದು ಚರ್ಮಕ್ಕೆ ಬೇಕು. ಇದರಲ್ಲೂ ಎರಡು ಬಗೆಯಿದೆ. ಮಾಮೂಲಿ ಕಟಿಂಗ್ ಸೂಜಿಯ ಮೂರನೆಯ ಅಂಚು ಬಾಗಿನ ಒಳಬದಿಯಲ್ಲಿ, ಅಂದರೆ ಗಾಯದ ಕಡೆಗೆ ಇರುವುದರಿಂದ, ದಾರ ಎಳೆದಾಗ ಆ ಸೀಳು ಗಾಯದ ಅಂಚಿನವರೆಗೂ ಹರಿಯುವ ಅಪಾಯವಿದೆ. ರಿವರ್ಸ್ ಕಟಿಂಗ್ ಸೂಜಿಯಲ್ಲಿ ಆ ಅಂಚು ಹೊರಬದಿಗಿರುತ್ತದೆ, ದಾರ ಕೂರುವ ಕಡೆ ಚಪ್ಪಟೆಯಾದ ಭಾಗ ಬರುತ್ತದೆ. ನಾಯಿ ಮತ್ತು ಬೆಕ್ಕಿನ ಚರ್ಮಕ್ಕೆ ನಾನು ಯಾವಾಗಲೂ ರಿವರ್ಸ್ ಕಟಿಂಗ್ ಸೂಜಿಯನ್ನೇ ತೆಗೆದುಕೊಳ್ಳುತ್ತೇನೆ. ದುಂಡು ಮೈಗೆ ಹರಿತ ತುದಿ ಮಾತ್ರ ಇರುವ ಟೇಪರ್ ಕಟ್ ಸೂಜಿ ಗಟ್ಟಿಪೊರೆಗೂ ಸ್ನಾಯುರಜ್ಜುವಿಗೂ ಒಳ್ಳೆಯದು.

ಬಾಗಿನ ವಿಷಯದಲ್ಲಿ, ಮೇಲ್ಮೈಯ ಚರ್ಮಕ್ಕೆ ವೃತ್ತದ ಎಂಟನೆಯ ಮೂರು ಭಾಗದಷ್ಟು ಬಾಗಿದ ಸೂಜಿ, ಆಳದ ಕೆಲಸಕ್ಕೆ ಅರ್ಧ ವೃತ್ತದ ಸೂಜಿ ಅನುಕೂಲ. ಜಾಗ ಇಕ್ಕಟ್ಟಾದಷ್ಟೂ ಹೆಚ್ಚು ಬಾಗಿದ ಸೂಜಿ ಬೇಕಾಗುತ್ತದೆ. ನೇರ ಸೂಜಿಯನ್ನು ಬರಿಗೈಯಲ್ಲಿ ಹಿಡಿದು ದನ ಮತ್ತು ಎಮ್ಮೆಯ ದಪ್ಪ ಚರ್ಮವನ್ನು ಹೊಲಿಯುವ ಪದ್ಧತಿ ನಮ್ಮಲ್ಲಿದೆ. ಪ್ರಾಣಿ ಒಮ್ಮೆಲೇ ಅಲುಗಾಡಿದಾಗ ಬೆರಳಿಗೆ ಚುಚ್ಚಿಕೊಳ್ಳುವುದು ಸಾಮಾನ್ಯವಾದ್ದರಿಂದ ಬಹಳ ಎಚ್ಚರ ಬೇಕು. ಬಾಗಿದ ಸೂಜಿಯನ್ನು ನೀಡಲ್ ಹೋಲ್ಡರಿನಲ್ಲಿ ದಾರ ಕೂಡಿದ ತುದಿಯಿಂದ ಮೂರನೆಯ ಒಂದು ಭಾಗದಿಂದ ಅರ್ಧದೊಳಗೆ ಹಿಡಿಯಬೇಕು. ದಾರ ಕೂಡಿದ ಜಾಗದಲ್ಲೇ ಹಿಡಿದರೆ ಅಲ್ಲಿ ಸೂಜಿ ಬಾಗುತ್ತದೆ, ತುದಿಯಲ್ಲಿ ಹಿಡಿದರೆ ಮೊನೆ ಹೋಗುತ್ತದೆ. ಮಣಿಕಟ್ಟನ್ನು ತಿರುಗಿಸಿ ಸೂಜಿಯನ್ನು ಅದರ ಬಾಗಿನ ದಾರಿಯಲ್ಲೇ ಹೋಗಲು ಬಿಡಬೇಕು, ಮುಂದಕ್ಕೆ ತಳ್ಳಬಾರದು.

ಪ್ರಶ್ನೆ: ಕಣ್ಣಿರುವ ಸೂಜಿ ಅಗ್ಗವಾಗುತ್ತದೆ. ಅದನ್ನೇ ಬಳಸಿದರೆ ಏನು ತೊಂದರೆ?

ಕಣ್ಣಿನಲ್ಲಿ ಪೋಣಿಸಿದ ದಾರ ಎರಡು ಮಡಿಕೆಯಾಗಿ ಅಂಗದೊಳಗೆ ಹೋಗುವುದರಿಂದ ತೂತು ದೊಡ್ಡದಾಗುತ್ತದೆ. ಕುದಿಸಿ ಕುದಿಸಿ ಮರುಬಳಸಿದ ಸೂಜಿ ಮೊಂಡಾಗುತ್ತದೆ, ಉಪ್ಪುಗಾಳಿಯ ಊರಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ದನದ ಚರ್ಮಕ್ಕೆ, ಸ್ನಾಯುವಿಗೆ ಅದು ನಡೆಯುತ್ತದೆ. ಕರುಳು, ಮೂತ್ರಕೋಶ, ಮೊಲೆತೊಟ್ಟು ಮತ್ತು ಕಣ್ಣಿನ ಕೆಲಸಕ್ಕೆ ದಾರವನ್ನು ಕಾರ್ಖಾನೆಯಲ್ಲೇ ಕೂಡಿಸಿದ ಸೂಜಿ ಬೇಕೇ ಬೇಕು. ಈ ನಾಲ್ಕು ಕಡೆ ಹಣ ಉಳಿಸಲು ಹೋಗಬಾರದು.

ಪ್ರಶ್ನೆ: ಬೀದಿನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಯಾವ ದಾರ?

ಸಾಕುನಾಯಿಗೂ ಬೀದಿನಾಯಿಗೂ ಇರುವ ಮುಖ್ಯ ವ್ಯತ್ಯಾಸವೆಂದರೆ ಬೀದಿನಾಯಿಯನ್ನು ಹೊಲಿಗೆ ಬಿಚ್ಚಲು ಮತ್ತೆ ಯಾರೂ ಹಿಡಿದು ತರುವುದಿಲ್ಲ. 2001ರ ನಿಯಮಗಳ ಜಾಗಕ್ಕೆ ಬಂದಿರುವ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ನಾಯಿಯನ್ನು ಹಿಡಿದ ಜಾಗಕ್ಕೇ ಮರಳಿ ಬಿಡಬೇಕು, ಮತ್ತು ಆ ಜಾಗ ಮಲ್ಪೆಯ ಮೀನು ಬಂದರಿನ ಒದ್ದೆ ನೆಲವೂ ಆಗಿರಬಹುದು, ಮಂಗಳೂರಿನ ಮಾರುಕಟ್ಟೆಯ ಚರಂಡಿಯ ಬದಿಯೂ ಆಗಿರಬಹುದು. ಆದ್ದರಿಂದ ಹೊರಗೆ ಕಾಣುವ ಹೊಲಿಗೆ ಇರಲೇಬಾರದು. ಚರ್ಮದ ಒಳಪದರದಲ್ಲಿ 2-0 ಅಥವಾ 3-0 ಅಳತೆಯ ಕರಗುವ ದಾರದಿಂದ ನಿರಂತರ ಹೊಲಿಗೆ ಹಾಕಿ ಗಂಟನ್ನು ಹೂತುಬಿಡಬೇಕು. ಸೀಳು ಚಿಕ್ಕದಿದ್ದಷ್ಟೂ ಈ ಕೆಲಸ ಸುಲಭ.

ಅಂಡಾಶಯದ ರಕ್ತನಾಳಗಳ ಕಟ್ಟಿಗೆ 2-0 ಅಥವಾ 0 ಅಳತೆಯ ಪಾಲಿಗ್ಲ್ಯಾಕ್ಟಿನ್ ಒಳ್ಳೆಯದು, ಕೊಬ್ಬಿದ ನಾಯಿಯಲ್ಲಿ ಒಂದು ಕಟ್ಟನ್ನು ಅಂಗದೊಳಗೆ ಸೂಜಿ ಹಾಯಿಸಿ ಬಿಗಿಯಬೇಕು. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕಾಗಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಂದು ಮನೆಯ ಹೆಣ್ಣುನಾಯಿಗೆ ಈ ಕಟ್ಟನ್ನು ರೀಲಿನಿಂದ ತೆಗೆದ ರೇಷ್ಮೆ ದಾರದಲ್ಲಿ ಹಾಕಿದ್ದೆ. ವರ್ಷ ಕಳೆದ ಮೇಲೆ ಆ ನಾಯಿ ಸೊಂಟದ ಬದಿಯಲ್ಲಿ ಕೀವು ಸೋರುವ ಸಣ್ಣ ತೂತಿನೊಂದಿಗೆ ಬಂತು. ಔಷಧಿ ಕೊಟ್ಟಾಗ ಮುಚ್ಚಿಕೊಳ್ಳುತ್ತಿತ್ತು, ನಿಲ್ಲಿಸಿದಾಗ ಮತ್ತೆ ತೆರೆಯುತ್ತಿತ್ತು. ಕೊನೆಗೆ ಹೊಟ್ಟೆ ಬಿಡಿಸಿ ನೋಡಿದಾಗ ಮೂತ್ರಪಿಂಡದ ಹಿಂಬದಿಯ ಗಡ್ಡೆಯೊಳಗೆ ನಾನೇ ಹಾಕಿದ ಕಪ್ಪು ಗಂಟು ಹಾಗೇ ಕುಳಿತಿತ್ತು. ಅದನ್ನು ತೆಗೆದ ಮೇಲೆ ಗಾಯ ಮಾಯಿತು. ಹೆಣೆದ, ಕರಗದ ದಾರವನ್ನು ಹೊಟ್ಟೆಯೊಳಗೆ ಕಟ್ಟಾಗಿ ಬಿಡುವುದನ್ನು ನಾನು ಅಂದಿನಿಂದ ನಿಲ್ಲಿಸಿದ್ದೇನೆ.

ಪ್ರಶ್ನೆ: ನಾಯಿಯ ಹೊಟ್ಟೆಯ ಗೋಡೆಯನ್ನು ಯಾವುದರಿಂದ ಮುಚ್ಚಬೇಕು? ಬಿಡಿ ಹೊಲಿಗೆಯೋ, ನಿರಂತರ ಹೊಲಿಗೆಯೋ?

ಹೊಟ್ಟೆಯ ನಡುಗೆರೆಯಲ್ಲಿ ಭಾರ ಹೊರುವುದು ಸ್ನಾಯುವಿನ ಹೊರಬದಿಯ ಗಟ್ಟಿಪೊರೆ. ಅದನ್ನು ಪ್ರತಿ ಹೊಲಿಗೆಯಲ್ಲೂ ಹಿಡಿಯಬೇಕು. ಒಳಗಿನ ಪೆರಿಟೋನಿಯಂ ಪೊರೆಯನ್ನು ಹೊಲಿಯುವ ಅಗತ್ಯವಿಲ್ಲ. ಅಂಚಿನಿಂದ ಐದರಿಂದ ಹತ್ತು ಮಿಲಿಮೀಟರ್ ದೂರದಲ್ಲಿ, ಪ್ರಾಣಿಯ ಗಾತ್ರ ನೋಡಿಕೊಂಡು, ಪಾಲಿಡಯಾಕ್ಸನೋನ್ ದಾರವನ್ನು ಬೆಕ್ಕಿಗೆ 3-0 ಅಥವಾ 2-0, ಮಧ್ಯಮ ನಾಯಿಗೆ 2-0 ಅಥವಾ 0, ದೊಡ್ಡ ನಾಯಿಗೆ 0 ಅಥವಾ 1 ಅಳತೆಯಲ್ಲಿ ಬಳಸಬಹುದು. ಗಂಟು ಸರಿಯಾಗಿದ್ದರೆ ನಿರಂತರ ಹೊಲಿಗೆ ಬಿಡಿ ಹೊಲಿಗೆಯಷ್ಟೇ ಭದ್ರ, ಮೇಲಾಗಿ ಒತ್ತಡ ಉದ್ದಕ್ಕೂ ಸಮನಾಗಿ ಹಂಚಿಹೋಗುತ್ತದೆ ಮತ್ತು ಒಳಗೆ ಉಳಿಯುವ ಗಂಟುಗಳು ಎರಡೇ. ಪಾಲಿಡಯಾಕ್ಸನೋನ್ ದುಬಾರಿಯೆಂದು ಪಾಲಿಗ್ಲ್ಯಾಕ್ಟಿನ್ ಬಳಸುವವರು ಬಹಳ ಮಂದಿ. ಎಳೆಯ, ಆರೋಗ್ಯವಂತ ನಾಯಿಯಲ್ಲಿ ಅದು ಸಾಕಾಗುತ್ತದೆ. ಮುದಿಯಾದ, ಬಡಕಲಾದ, ಸ್ಟಿರಾಯ್ಡ್ ಸೇವಿಸುತ್ತಿರುವ ನಾಯಿಯಲ್ಲಿ ಆ ಉಳಿತಾಯ ಮಾಡಬಾರದು.

ಪ್ರಶ್ನೆ: ಹಸುವಿನ ಸಿಸೇರಿಯನ್‌ನಲ್ಲಿ?

ಗರ್ಭಕೋಶ ಕರು ಹೊರಬಂದ ಮೇಲೆ ಬಹಳ ಬೇಗ ಕುಗ್ಗುತ್ತದೆ ಮತ್ತು ಬೇಗ ಕೂಡಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ದೀರ್ಘಕಾಲದ ದಾರ ಬೇಕಾಗಿಲ್ಲ. ಸಂಖ್ಯೆ 2ರ ಪಾಲಿಗ್ಲ್ಯಾಕ್ಟಿನ್, ಸಿಗದಿದ್ದರೆ ಸಂಖ್ಯೆ 2 ಅಥವಾ 3ರ ಕ್ರೋಮಿಕ್ ಕ್ಯಾಟ್‌ಗಟ್, ದೊಡ್ಡ ದುಂಡು ಸೂಜಿ ಇಷ್ಟಿದ್ದರೆ ಸಾಕು. ಹೊಲಿಗೆ ಒಳಪದರದವರೆಗೆ ತೂರಬಾರದು, ಅಂಚುಗಳು ಒಳಕ್ಕೆ ಮಡಚಿಕೊಳ್ಳಬೇಕು, ಮತ್ತು ಗಂಟುಗಳು ಹೊರಗೆ ಕಾಣದಂತೆ ಹೂತಿರಬೇಕು. ಹೊರಗುಳಿದ ಗಂಟಿಗೆ ಕರುಳೋ ಹೊಟ್ಟೆಯ ಗೋಡೆಯೋ ಅಂಟಿಕೊಂಡರೆ ಆ ಹಸು ಮತ್ತೆ ಗಬ್ಬ ಕಟ್ಟುವುದು ಕಷ್ಟವಾಗುತ್ತದೆ, ಮನೆಯವರಿಗೆ ಅದರ ಕಾರಣವೂ ತಿಳಿಯುವುದಿಲ್ಲ. ಸತ್ತೆಯ, ಅಂದರೆ ಮಾಸಿನ, ಪೊರೆ ಹೊಲಿಗೆಯಲ್ಲಿ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳಬೇಕು.

ಪಕ್ಕೆಯ ಸ್ನಾಯುಗಳನ್ನು ಎರಡು ಪದರಗಳಲ್ಲಿ ಅದೇ ದಾರದಿಂದ ಮುಚ್ಚಿ, ಚರ್ಮಕ್ಕೆ ದಪ್ಪ ನೈಲಾನಿನಲ್ಲಿ ಕೊಂಡಿ ಹಾಕುತ್ತ ಹೋಗುವ ನಿರಂತರ ಹೊಲಿಗೆ ಹಾಕುತ್ತೇವೆ. ಕೆಳತುದಿಯ ಎರಡು ಮೂರು ಹೊಲಿಗೆಗಳನ್ನು ಮಾತ್ರ ಬಿಡಿಬಿಡಿಯಾಗಿ ಹಾಕಿರಿ. ಮುಂದೆ ನೀರು ಅಥವಾ ಕೀವು ತುಂಬಿದರೆ ಅವನ್ನಷ್ಟೇ ಬಿಚ್ಚಿ ಹರಿಯಬಿಡಬಹುದು, ಇಡೀ ಗಾಯ ತೆರೆಯಬೇಕಾಗುವುದಿಲ್ಲ.

ಪ್ರಶ್ನೆ: ತೋಟದ ಮುಳ್ಳುತಂತಿ ತಾಗಿ ಮೊಲೆತೊಟ್ಟು ಸೀಳಿದರೆ ಹೊಲಿಯಲು ಸಾಧ್ಯವೇ?

ಸಾಧ್ಯ, ಆದರೆ ಸಮಯ ಮುಖ್ಯ. ಹಾಲು ಸೋರುವಷ್ಟು ಆಳವಾಗಿ ಸೀಳಿದ್ದರೆ ಸುಮಾರು ಹನ್ನೆರಡು ಗಂಟೆಯೊಳಗೆ ಹೊಲಿದಾಗ ಫಲ ಚೆನ್ನಾಗಿರುತ್ತದೆ. ಅರಶಿನ, ಸುಣ್ಣ, ಬೂದಿ ಇವುಗಳನ್ನು ಮೆತ್ತಿ ಮರುದಿನ ಕರೆ ಮಾಡಿದರೆ ಅರ್ಧ ಅವಕಾಶ ಕೈತಪ್ಪಿರುತ್ತದೆ. ಶುದ್ಧ ನೀರಿನಲ್ಲಿ ತೊಳೆದು ಒದ್ದೆ ಬಟ್ಟೆ ಸುತ್ತಿ ಕೂಡಲೇ ತಿಳಿಸಬೇಕೆಂದು ಹೈನುಗಾರರಲ್ಲಿ ನಾನು ಬೇಡಿಕೊಳ್ಳುತ್ತೇನೆ.

ಹೊಲಿಯುವಾಗ ಮೂರು ಪದರಗಳನ್ನು ಬೇರೆ ಬೇರೆಯಾಗಿ ಹಿಡಿಯಬೇಕು. ಒಳಪದರದ ಕೆಳಗಿನ ಭಾಗಕ್ಕೆ 4-0 ಅಥವಾ 3-0 ಅಳತೆಯ ಕರಗುವ ಒಂಟಿ ಎಳೆಯ ದಾರವನ್ನು ಸಣ್ಣ ದುಂಡು ಸೂಜಿಯಿಂದ ಹಾಕಿ, ದಾರ ಹಾಲಿನ ನಾಳದೊಳಗೆ ಇಣುಕದಂತೆ ನೋಡಿಕೊಳ್ಳಬೇಕು. ಅದರ ಮೇಲೆ ನಡುಪದರ, ಕೊನೆಗೆ ಚರ್ಮಕ್ಕೆ ನೈಲಾನಿನ ಬಿಡಿ ಹೊಲಿಗೆ. ಇಲ್ಲಿ ಕಟಿಂಗ್ ಸೂಜಿಯನ್ನು ಒಳಪದರಕ್ಕೆ ಬಳಸಿದರೆ ಪ್ರತಿ ತೂತಿನಿಂದಲೂ ಹಾಲು ಸೋರುತ್ತದೆ, ಸೋರಿದ ದಾರಿ ಮುಚ್ಚುವುದೇ ಇಲ್ಲ. ಮಾಯುವವರೆಗೆ ಆ ತೊಟ್ಟನ್ನು ಕೈಯಲ್ಲಿ ಎಳೆದು ಕರೆಯಬಾರದು. ಚರ್ಮದ ಹೊಲಿಗೆಯನ್ನು ಸುಮಾರು ಹತ್ತನೆಯ ದಿನ ತೆಗೆಯಬಹುದು.

ಪ್ರಶ್ನೆ: ಮೈ ಹೊರಬೀಳುವ ದನಕ್ಕೆ ಯಾವ ದಾರದಿಂದ ಹೊಲಿಗೆ ಹಾಕಬೇಕು?

ಕರು ಹಾಕುವ ಮೊದಲು ಯೋನಿ ಹೊರಬರುತ್ತಿದ್ದರೆ ತೆಳ್ಳಗಿನ ದಾರ ಖಂಡಿತ ಬೇಡ, ಅದು ಮಾಂಸವನ್ನು ಕೊಯ್ದುಕೊಂಡು ಹೋಗುತ್ತದೆ. ಅಗಲವಾದ ಹತ್ತಿಯ ಪಟ್ಟಿಯನ್ನು ಬುನರ್ ಸೂಜಿ ಎಂಬ ಉದ್ದನೆಯ ಸೂಜಿಯಿಂದ ಚರ್ಮದ ಕೆಳಗೆ ಆಳವಾಗಿ ಸುತ್ತಲೂ ಹಾಯಿಸಿ, ಎರಡು ಮೂರು ಬೆರಳು ಹೋಗುವಷ್ಟು ಜಾಗ ಬಿಟ್ಟು ಕಟ್ಟಬೇಕು. ಹೆರಿಗೆಯ ಲಕ್ಷಣ ಕಂಡ ಕೂಡಲೇ ಇದನ್ನು ಬಿಚ್ಚಬೇಕೆಂದು ಮನೆಯವರಿಗೆ ಒತ್ತಿ ಹೇಳಿ ಬರಬೇಕು. ಕರು ಹಾಕಿದ ಮೇಲೆ ಗರ್ಭಕೋಶವೇ ಹೊರಬಿದ್ದದ್ದು ಬೇರೆ ವಿಷಯ. ಅಲ್ಲಿ ಗರ್ಭಕೋಶದ ಕೊಂಬುಗಳನ್ನು ತುದಿಯವರೆಗೆ ನೆಟ್ಟಗೆ ಬಿಡಿಸಿ ಕೂರಿಸದಿದ್ದರೆ ಎಂಥ ಹೊಲಿಗೆಯೂ ಅದನ್ನು ತಡೆಯುವುದಿಲ್ಲ.

ಪ್ರಶ್ನೆ: ಮೂತ್ರಕೋಶಕ್ಕೆ ರೇಷ್ಮೆ ಅಥವಾ ನೈಲಾನ್ ಹಾಕಬಹುದೇ?

ಹಾಕಬಾರದು. ಕರಗದ ದಾರ ಮೂತ್ರದಲ್ಲಿ ಮುಳುಗಿದ್ದರೆ ಅದರ ಸುತ್ತ ಕಲ್ಲು ಕಟ್ಟುತ್ತದೆ. ಪಾಲಿಡಯಾಕ್ಸನೋನ್‌ನಂಥ ಕರಗುವ ಒಂಟಿ ಎಳೆಯನ್ನು ದುಂಡು ಸೂಜಿಯಿಂದ, ಒಳಗೆ ತೂರದಂತೆ ಹಾಕಬೇಕು. ಪ್ರೋಟಿಯಸ್ ರೋಗಾಣುವಿನ ಸೋಂಕಿರುವ ಮೂತ್ರದಲ್ಲಿ ಕರಗುವ ದಾರಗಳೆಲ್ಲವೂ ಬಹಳ ಬೇಗ ಬಲ ಕಳೆದುಕೊಳ್ಳುವುದರಿಂದ ಸೋಂಕಿನ ಚಿಕಿತ್ಸೆಯನ್ನು ಜೊತೆಯಲ್ಲೇ ಮಾಡಬೇಕು.

ಪ್ರಶ್ನೆ: ಕಾಡುಹಂದಿ ತಿವಿದ, ನಾಯಿ ಕಚ್ಚಿದ ಗಾಯಗಳನ್ನು ಕೂಡಲೇ ಹೊಲಿಯಬೇಕೇ?

ಹೆಚ್ಚಿನವನ್ನು ಹೊಲಿಯಬಾರದು. ಹೊರಗಿನ ತೂತು ಚಿಕ್ಕದಾಗಿ ಕಂಡರೂ ಒಳಗೆ ಚರ್ಮ ಸ್ನಾಯುವಿನಿಂದ ಬಿಟ್ಟುಕೊಂಡು ಮಣ್ಣು ಮತ್ತು ಕೂದಲು ಸೇರಿರುತ್ತದೆ. ಧಾರಾಳ ಸಲೈನಿನಲ್ಲಿ ತೊಳೆದು, ಸತ್ತ ಮಾಂಸ ತೆಗೆದು, ಕೆಲವು ದಿನ ತೆರೆದಿಟ್ಟು ನಂತರ ಮುಚ್ಚುವುದು ಕ್ಷೇಮ. ಎದೆ ಅಥವಾ ಹೊಟ್ಟೆಯವರೆಗೆ ತೂತಾಗಿದ್ದರೆ ಮಾತ್ರ ಒಳಪದರಗಳನ್ನು ಆಗಲೇ ಒಂಟಿ ಎಳೆಯ ಕರಗುವ ದಾರದಿಂದ ಮುಚ್ಚಬೇಕು. ಕಚ್ಚಿದ ನಾಯಿಗೆ ಹುಚ್ಚಿನ ಶಂಕೆಯಿದ್ದರೆ ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆಯುವುದು ಮತ್ತು ಲಸಿಕೆಯೇ ಮೊದಲ ಕೆಲಸ, ಹೊಲಿಗೆಯ ಮಾತು ಆಮೇಲೆ.

ಪ್ರಶ್ನೆ: ಮೀನುಗಾರಿಕೆಯ ಗಾಳದ ದಾರವೂ ನೈಲಾನ್ ತಾನೇ? ಅದನ್ನು ಬಳಸಬಹುದೇ?

ಬಂದರು ಇರುವ ಊರಾದ್ದರಿಂದ ಈ ಪ್ರಶ್ನೆ ಇಲ್ಲಿ ಸಹಜ. ದೊಡ್ಡ ನಾಯಿಗಳ ಮೊಣಕಾಲಿನ ಲಿಗಮೆಂಟ್ ಹರಿದಾಗ ಕೀಲನ್ನು ಹಿಡಿದಿಡಲು ದಪ್ಪ ನೈಲಾನ್ ಗಾಳದ ದಾರವನ್ನು ಶುದ್ಧೀಕರಿಸಿ ಬಳಸುವ ಪದ್ಧತಿ ಜಗತ್ತಿನಲ್ಲಿ ಬೆಳೆದು ಬಂದದ್ದು ನಿಜ. ಆದರೆ ಅಂಗಡಿಯ ಗಾಳದ ದಾರಗಳಲ್ಲಿ ಬಣ್ಣ, ಲೇಪ, ಮಿಶ್ರಣಗಳು ಬೇರೆ ಬೇರೆ, ಪದೇ ಪದೇ ಆಟೋಕ್ಲೇವ್ ಮಾಡಿದರೆ, ಅಂದರೆ ಒತ್ತಡದ ಹಬೆಯಲ್ಲಿ ಶುದ್ಧೀಕರಿಸಿದರೆ, ಅದರ ಗುಣವೂ ಬದಲಾಗುತ್ತದೆ. ದನದ ಚರ್ಮದ ಮೇಲೆ, ಮುಂದೆ ತೆಗೆದುಬಿಡುವ ಹೊಲಿಗೆಗೆ, ಬೇರೆ ದಾರಿಯಿಲ್ಲದಾಗ ಬಣ್ಣವಿಲ್ಲದ ಒಂಟಿ ಎಳೆಯದನ್ನು ಒಮ್ಮೆ ಆಟೋಕ್ಲೇವ್ ಮಾಡಿ ಬಳಸಿದರೆ ನಾನು ಆಕ್ಷೇಪಿಸುವುದಿಲ್ಲ. ದೇಹದೊಳಗೆ ಉಳಿಯುವ ಹೊಲಿಗೆಗೆ ಬೇಡ.

ಪ್ರಶ್ನೆ: ಗಂಟಿಗೆ ಎಷ್ಟು ಸುತ್ತು ಹಾಕಬೇಕು?

ಬಿಡಿ ಹೊಲಿಗೆಯಲ್ಲಿ ಪಾಲಿಗ್ಲ್ಯಾಕ್ಟಿನ್‌ಗೆ ಮೂರು, ಪಾಲಿಡಯಾಕ್ಸನೋನ್ ಮತ್ತು ನೈಲಾನ್‌ಗೆ ನಾಲ್ಕು. ನಿರಂತರ ಹೊಲಿಗೆಯ ಆರಂಭದಲ್ಲಿ ಇದಕ್ಕಿಂತ ಒಂದೆರಡು, ಕೊನೆಯಲ್ಲಿ ಎರಡು ಮೂರು ಹೆಚ್ಚು ಬೇಕು, ಏಕೆಂದರೆ ಕೊನೆಯ ಗಂಟಿನಲ್ಲಿ ಒಂದು ಬದಿ ಕುಣಿಕೆಯಾಗಿರುತ್ತದೆ. ಪ್ರತಿ ಸುತ್ತಿನಲ್ಲೂ ಕೈಯ ದಿಕ್ಕು ಬದಲಾಗಬೇಕು. ಬದಲಾಗದಿದ್ದರೆ ಎಷ್ಟು ಸುತ್ತು ಹಾಕಿದರೂ ಅದು ಜಾರುಗಂಟೇ.

ಪ್ರಶ್ನೆ: ನಮ್ಮ ಹವೆಯಲ್ಲಿ ದಾರಗಳನ್ನು ಹೇಗೆ ಇಡಬೇಕು?

ಕರಗುವ ಕೃತಕ ದಾರಗಳು ಒಡೆಯುವುದು ನೀರಿನ ಅಂಶದಿಂದ ಎಂದು ಮೇಲೆ ಹೇಳಿದ್ದೆ. ಒಳಗಿನ ಲೋಹದ ಹಾಳೆ ತೆರೆದ ಗಳಿಗೆಯಿಂದ ನಮ್ಮ ಗಾಳಿಯ ತೇವವೇ ಆ ಕೆಲಸವನ್ನು ಆರಂಭಿಸುತ್ತದೆ. ಅರ್ಧ ಬಳಸಿದ ವಿಕ್ರಿಲ್ಲನ್ನು ಸ್ಪಿರಿಟಿನ ಬಾಟಲಿಯಲ್ಲಿ ಮುಳುಗಿಸಿಟ್ಟು ಮುಂದಿನ ವಾರ ಬಳಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಆಟೋಕ್ಲೇವ್ ಮಾಡಿದರೂ ಅದು ಹಾಳಾಗುತ್ತದೆ. ಪೆಟ್ಟಿಗೆಯನ್ನು 25 ಡಿಗ್ರಿಗಿಂತ ತಂಪಾದ ಒಣ ಜಾಗದಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಮೇ ತಿಂಗಳ ಬಿಸಿಲಿನಲ್ಲಿ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟ ಪೊಟ್ಟಣಗಳನ್ನು ನಂಬಬೇಡಿ.

ಪ್ರಶ್ನೆ: ಹಾವು, ಉಡಗಳ ಗಾಯಕ್ಕೂ ಇದೇ ದಾರವೇ?

ಇವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಒಳಪಟ್ಟ ಪ್ರಾಣಿಗಳು, ಆದ್ದರಿಂದ ಮೊದಲು ಅರಣ್ಯ ಇಲಾಖೆಗೆ ತಿಳಿಸಬೇಕು. ಸರೀಸೃಪಗಳ ಚರ್ಮದ ಅಂಚು ಒಳಕ್ಕೆ ಸುರುಳಿಕೊಳ್ಳುವ ಸ್ವಭಾವದ್ದಾದ್ದರಿಂದ ಅಂಚನ್ನು ಹೊರಕ್ಕೆ ಮಗುಚುವ ಹೊಲಿಗೆ ಹಾಕಬೇಕು. ಅವು ನಿಧಾನವಾಗಿ ಮಾಯುತ್ತವೆ; ನೈಲಾನ್ ಹೊಲಿಗೆಯನ್ನು ಕನಿಷ್ಠ ನಾಲ್ಕರಿಂದ ಆರು ವಾರ ಬಿಡಬೇಕು. ಕ್ಯಾಟ್‌ಗಟ್ ಅವುಗಳ ದೇಹದಲ್ಲಿ ಬಹುಕಾಲ ಕರಗದೆ ಉಳಿಯುತ್ತದೆ.

ಪ್ರಶ್ನೆ: ಚರ್ಮದ ಹೊಲಿಗೆಯನ್ನು ಯಾವಾಗ ಬಿಚ್ಚಬೇಕು?

ನಾಯಿ ಮತ್ತು ಬೆಕ್ಕಿನಲ್ಲಿ ಹತ್ತರಿಂದ ಹದಿನಾಲ್ಕು ದಿನ, ದನ ಮತ್ತು ಎಮ್ಮೆಯಲ್ಲಿ ಸುಮಾರು ಎರಡು ವಾರ. ಗಾಯದ ಅಂಚು ಇನ್ನೂ ಒದ್ದೆಯಾಗಿದ್ದರೆ ಒಂದು ಹೊಲಿಗೆ ಬಿಟ್ಟು ಒಂದನ್ನು ತೆಗೆದು, ಉಳಿದುದನ್ನು ನಾಲ್ಕು ದಿನ ಬಿಟ್ಟು ತೆಗೆಯಬಹುದು. ಬಿಚ್ಚುವಾಗ ಗಂಟನ್ನು ಇಕ್ಕಳದಿಂದ ಎತ್ತಿ, ಚರ್ಮಕ್ಕೆ ತಾಗಿದ ಕಡೆಯಲ್ಲೇ ಕತ್ತರಿಸಿ ಎಳೆಯಬೇಕು. ಹೊರಗೆ ಕೊಳೆಯಲ್ಲಿದ್ದ ದಾರದ ಭಾಗ ಗಾಯದೊಳಗಿನಿಂದ ಹಾದುಹೋಗಬಾರದು. ತೆಗೆದ ಹೊಲಿಗೆಗಳನ್ನು ಎಣಿಸಿ, ಹಾಕಿದ ದಿನ ಚೀಟಿಯಲ್ಲಿ ಬರೆದ ಸಂಖ್ಯೆಗೆ ತಾಳೆ ನೋಡಿರಿ.